ಮೊಣಕಾಲ ಕೆಳಗಿನ ಸೀರೆ: ವ್ಯಕ್ತಿ ಸ್ವಾತಂತ್ರ್ಯದ ಇನ್ನೊಂದು ಚರಿತ್ರೆ

ಕನ್ನಡ ವಿಮರ್ಶೆಯಲ್ಲಿ 'ವ್ಯಕ್ತಿ ಸ್ವಾತಂತ್ರ್ಯ' ಎಂಬ ಮಾತು ಬಂದಾಗಲೆಲ್ಲ ಒಂದೇ ಚಿತ್ರ ಕಣ್ಣ ಮುಂದೆ ಬರುತ್ತದೆ. ಒಬ್ಬ ಗಂಡಸು ಮನೆ ಬಿಟ್ಟು, ಅಗ್ರಹಾರ ಬಿಟ್ಟು, ಜನಿವಾರದ ಹಂಗು ಬಿಟ್ಟು ಹೊರಕ್ಕೆ ನಡೆಯುತ್ತಾನೆ. ನವ್ಯದ ಕಥಾನಾಯಕರಲ್ಲಿ ಹೀಗೆ ನಡೆದವರೇ ಹೆಚ್ಚು. ಅನಂತಮೂರ್ತಿಯವರ 'ಸಂಸ್ಕಾರ' (1965) ಇದಕ್ಕೆ ದೊಡ್ಡ ಉದಾಹರಣೆ. ಚಂದ್ರಿಯನ್ನು ಕೂಡಿದ ಮೇಲೆ ಪ್ರಾಣೇಶಾಚಾರ್ಯ ತಾನು ಯಾರು ಅಂತ ಹುಡುಕಿಕೊಂಡು ಊರು ಬಿಟ್ಟು, ಜಾತ್ರೆಯ ಜನರ ನಡುವೆ ಅಲೆಯುತ್ತಾನೆ. ಆ ಅಲೆದಾಟದ ಬಗ್ಗೆ ನಮ್ಮಲ್ಲಿ ಬಂದಿರುವ ವಿಮರ್ಶೆಯನ್ನು ರಾಶಿ ಹಾಕಿದರೆ ಕಾದಂಬರಿಗಿಂತ ಎಷ್ಟೋ ಪಟ್ಟು ದಪ್ಪವಾಗುತ್ತದೆ. ಅದೇ ಕಾದಂಬರಿಯಲ್ಲಿ ಬೆಳ್ಳಿ ಇದ್ದಾಳೆ. ಕೇರಿಯ ಹುಡುಗಿ. ಶ್ರೀಪತಿ ಅವಳ ಮೈಯನ್ನು ಬಯಸುತ್ತಾನೆ. ಪ್ಲೇಗಿನಲ್ಲಿ ಅವಳ ಅಪ್ಪ ಅವ್ವ ಸಾಯುತ್ತಾರೆ, ಹೆಣಗಳ ಸಮೇತ ಗುಡಿಸಲಿಗೆ ಬೆಂಕಿ ಇಡುತ್ತಾರೆ. 'ನಾನು ಯಾರು' ಎಂಬ ಪ್ರಶ್ನೆ ಬೆಳ್ಳಿಗೆ ಬರುವುದಿಲ್ಲ. ಕಾದಂಬರಿಗೆ ಅದು ಬೇಕಾಗಿಯೂ ಇಲ್ಲ.

ಹಿಂದೊಮ್ಮೆ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಆಚಾರ್ರು ಅಗ್ರಹಾರ ಬಿಟ್ಟು ಹೊರಗೋದ್ರು. ಬೆಳ್ಳಿ ಆಗ್ಲೇ ಹೊರಗಿದ್ಲಲ್ಲ, ಅವ್ಳು ಎಲ್ಲಿಗೆ ಹೋಗ್ಬೇಕಿತ್ತು?" ಅಂತ ಕೇಳಿದಳು. ಸಮಾಜದ ಕಟ್ಟಳೆ ಮೀರಿ ಹೊರಗೆ ಹೋಗುವುದೇ ಸ್ವಾತಂತ್ರ್ಯ ಎಂದಾದರೆ, ಹುಟ್ಟಿದಂದಿನಿಂದ ಹೊರಗೇ ಇಟ್ಟವರ ಸ್ವಾತಂತ್ರ್ಯ ಯಾವ ದಿಕ್ಕಿನಲ್ಲಿದೆ? ಈ ಪ್ರಶ್ನೆಗೆ ಸಾಹಿತ್ಯ ವಿಮರ್ಶೆಯಲ್ಲಿ ನನಗೆ ಉತ್ತರ ಸಿಗಲಿಲ್ಲ. ಸೀರೆ, ಕೊಡ, ಮಣಿಸರಗಳ ಚರಿತ್ರೆಯಲ್ಲಿ ಒಂದಿಷ್ಟು ಸಿಕ್ಕಿತು.

ಮೊದಲು ಒಂದು ಮಾತು. 'ಸಮಾಜದ ನಿರೀಕ್ಷೆ' ಅನ್ನೋದು ಬಹಳ ಮೆತ್ತಗಿನ ಪದ. ಮಗ ಡಾಕ್ಟರಾಗಲಿ ಅಂತ ಅಪ್ಪ ಬಯಸುವುದೂ ನಿರೀಕ್ಷೆಯೇ. ದಲಿತರ ವಿಷಯದಲ್ಲಿ ಸಮಾಜ ನಿರೀಕ್ಷಿಸುತ್ತಿರಲಿಲ್ಲ, ವಿಧಿಸುತ್ತಿತ್ತು. ಮನುಸ್ಮೃತಿಯ ಹತ್ತನೆಯ ಅಧ್ಯಾಯವನ್ನು ತೆಗೆದು ನೋಡಿ. ಚಂಡಾಲರು ಊರ ಹೊರಗಿರಬೇಕು, ಸತ್ತವರ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು, ಕೆಲಸಕ್ಕೆಂದು ಊರೊಳಗೆ ಬಂದರೆ ರಾಜಾಜ್ಞೆಯ ಗುರುತು ಹೊತ್ತು ಬರಬೇಕು ಎಂದು ಅಲ್ಲಿದೆ. ಬಟ್ಟೆ, ಪಾತ್ರೆ, ಒಡವೆ, ಗುರುತು. ಇದೆಲ್ಲ ಪುಸ್ತಕದ ಬದನೇಕಾಯಿ, ನಿಜಜೀವನದಲ್ಲಿ ಯಾರೂ ಪಾಲಿಸುತ್ತಿರಲಿಲ್ಲ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಅವರಿಗಾಗಿ ಇಪ್ಪತ್ತನೆಯ ಶತಮಾನದ ಒಂದೆರಡು ಪಟ್ಟಿಗಳನ್ನು ಪಕ್ಕದಲ್ಲಿಡಬೇಕು.

1928ರ ಜನವರಿಯಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆ ಇಂದೋರ್ ಸಂಸ್ಥಾನದ ಒಂದು ಸುದ್ದಿ ಛಾಪಿಸಿತು. ಅಲ್ಲಿನ ಸುಮಾರು 15 ಹಳ್ಳಿಗಳ ಮೇಲ್ಜಾತಿಯವರು ತಮ್ಮೂರಿನ ಬಲಾಯಿಗಳಿಗೆ ಹೀಗೆ ಬದುಕಬೇಕು ಅಂತ ಅಪ್ಪಣೆ ಕೊಟ್ಟಿದ್ದರು. ಜರಿಯಂಚಿನ ರುಮಾಲು ಸುತ್ತಬಾರದು, ಬಣ್ಣದಂಚಿನ ಧೋತರ ಉಡಬಾರದು, ಹೆಂಗಸರು ಬೆಳ್ಳಿಬಂಗಾರ ತೊಡಬಾರದು. ಒಪ್ಪದವರಿಗೆ ಬಾವಿಯ ನೀರು ನಿಂತಿತು, ಎಷ್ಟೋ ಕುಟುಂಬಗಳು ಊರು ಬಿಟ್ಟವು. 1935ರ ನವೆಂಬರಿನಲ್ಲಿ ಅಹಮದಾಬಾದ್ ಜಿಲ್ಲೆಯ ಜಾನು ಎಂಬ ಹಳ್ಳಿಯಲ್ಲಿ ಸ್ವಲ್ಪ ಅನುಕೂಲಸ್ಥ ಅಸ್ಪೃಶ್ಯ ಮನೆಗಳ ಹೆಂಗಸರು ಲೋಹದ ಕೊಡದಲ್ಲಿ ನೀರು ತರಲು ಶುರು ಮಾಡಿದ್ದಕ್ಕೆ ಏಟು ತಿಂದರು. ಎರಡನ್ನೂ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಅಸ್ಪೃಶ್ಯರ ಕೈಯಲ್ಲಿ ಮಣ್ಣಿನ ಮಡಕೆಯೇ ಇರಬೇಕು. ಮಡಕೆ ಹೋಗಿ ಕೊಡ ಬಂದರೆ ಬಾವಿ ಕಟ್ಟೆಯ ಮೇಲೆ ನಿಂತವರು ಯಾರು ಅಂತ ದೂರದಿಂದ ಹೇಳೋದು ಹೇಗೆ?

ಇನ್ನೊಂದು ಪಟ್ಟಿ ರಾಮನಾಥಪುರದ್ದು. 1931ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹಟನ್ ಇದನ್ನು ಬರೆದಿಟ್ಟಿದ್ದಾನೆ. 1930ರ ಡಿಸೆಂಬರಿನಲ್ಲಿ ಅಲ್ಲಿನ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ನಿಷೇಧ ಹೇರಿದರು. ಗಂಡಸರ ಬಟ್ಟೆ ಮೊಣಕಾಲಿನ ಕೆಳಗೂ ಇಳಿಯಬಾರದು, ಸೊಂಟದ ಮೇಲಕ್ಕೂ ಏರಬಾರದು. ಅಂಗಿ, ಕೋಟು, ಬನಿಯನ್ ಕೂಡದು. ಕ್ರಾಪು ಬಿಡಿಸಬಾರದು. ಮನೆಯಲ್ಲಿ ಮಣ್ಣಿನ ಪಾತ್ರೆಗಳೇ ಇರಬೇಕು. ಬೆಳ್ಳಿಬಂಗಾರ ಯಾರೂ ತೊಡಬಾರದು. ಹೆಂಗಸರು ರವಿಕೆ ತೊಡಬಾರದು, ಎದೆಯ ಮೇಲೆ ಬಟ್ಟೆ ಹೊದೆಯಬಾರದು, ಹೂ ಮುಡಿಯಬಾರದು. ಗಂಡಸರು ಬಿಸಿಲಿಗಾಗಲಿ ಮಳೆಗಾಗಲಿ ಕೊಡೆ ಹಿಡಿಯಬಾರದು, ಚಪ್ಪಲಿ ಮೆಟ್ಟಬಾರದು. ಸಾಲದ್ದಕ್ಕೆ 1931ರ ಜೂನಿನಲ್ಲಿ ಇನ್ನೂ ಹನ್ನೊಂದು ಸೇರಿದವು. ಅದರಲ್ಲಿ ಮಕ್ಕಳು ಓದು ಬರಹ ಕಲಿಯಬಾರದು ಅನ್ನೋದೂ ಒಂದು.

ಹೂ ಮುಡಿಯಬಾರದು. ಈ ಸಾಲಿನ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ಜಮೀನು, ಕೂಲಿ, ಬಾವಿ ಇವುಗಳ ನಿಷೇಧಕ್ಕೆ ಒಂದು ಆರ್ಥಿಕ ಕಾರಣ ಹುಡುಕಬಹುದು. ಹೂವಿಗೆ ಏನು ಕಾರಣ? ಬೇಲಿಯ ಮೇಲಿನ ಹೂವನ್ನು ಒಬ್ಬ ಕೂಲಿ ಹೆಂಗಸು ಕಿತ್ತು ಮುಡಿದರೆ ಯಾವ ಜಮೀನ್ದಾರನಿಗೂ ಒಂದು ಕಾಸಿನ ನಷ್ಟವಿಲ್ಲ. ಆದರೂ ಅದು ಪಟ್ಟಿಯಲ್ಲಿದೆ. ತನಗೆ ಚೆಂದ ಕಂಡದ್ದನ್ನು ತನಗಾಗಿ ಮಾಡಿಕೊಳ್ಳುವ ಒಂದು ಸಣ್ಣ ಮನಸ್ಸು ಅವಳಿಗೂ ಇದೆ ಎಂದು ಒಪ್ಪಿದರೆ ಮುಂದೆ ಏನೇನು ಒಪ್ಪಬೇಕಾದೀತು ಎನ್ನುವುದು ಆ ಪಟ್ಟಿ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಎಡಪಂಥೀಯ ಗೆಳೆಯರು ಇಂಥದ್ದನ್ನೆಲ್ಲ 'ಮೇಲ್ರಚನೆ' ಅಂತ ಪಕ್ಕಕ್ಕಿಡುತ್ತಿದ್ದರು. ಇಡಲಿ.

ಈಗ ರಾಮನಾಥಪುರದ ಪಕ್ಕದಲ್ಲೇ ಇರುವ ಮದುರೆಗೆ ಹೋಗೋಣ. 1921ರ ಸೆಪ್ಟೆಂಬರ್ 22ರಂದು ಗಾಂಧೀಜಿ ತಮ್ಮ ಉಡುಪನ್ನು ಬಿಟ್ಟು ಮೊಣಕಾಲ ಮೇಲಿನ ತುಂಡುಪಂಚೆಗೆ ಇಳಿದದ್ದು ಈ ಊರಿನಲ್ಲಿ. ಬಡವರಂತೆ ಬದುಕುವ ಅವರ ಹಟದ ಬಗ್ಗೆ ನನಗೆ ಗೌರವವಿದೆ. ಅದು ಅವರ ಮಟ್ಟಿಗೆ ದೊಡ್ಡ ಬಿಡುಗಡೆಯೂ ಹೌದು. ಆದರೆ ಒಂಬತ್ತು ವರ್ಷಗಳ ನಂತರ ಪಕ್ಕದ ಜಿಲ್ಲೆಯಲ್ಲಿ ಅದೇ ಅಳತೆಯ ಬಟ್ಟೆಯನ್ನು ಆದಿದ್ರಾವಿಡ ಗಂಡಸಿನ ಮೇಲೆ ಶಿಕ್ಷೆಯಾಗಿ ಹೇರಿದರು. ಬಟ್ಟೆಯ ಉದ್ದ ಒಂದೇ. ಒಬ್ಬರು ಬಿಡಲು ಸಾಧ್ಯವಿದ್ದುದನ್ನು ಬಿಟ್ಟರು. ಇನ್ನೊಬ್ಬನಿಗೆ ಉಡುವುದಕ್ಕೇ ಬಿಡಲಿಲ್ಲ. ಬಾಬಾಸಾಹೇಬರ ಸೂಟುಬೂಟನ್ನು ನೋಡಿ ಮೂಗು ಮುರಿಯುವವರು ಈ ಎರಡು ಊರುಗಳ ನಡುವಿನ ದಾರಿಯನ್ನು ಒಮ್ಮೆ ನಡೆಯಬೇಕು.

ಕನ್ನಡದಲ್ಲಿ ಇದರ ಇನ್ನೊಂದು ರೂಪವಿದೆ. ಹೆಣ್ಣಿನ ಸ್ವಾತಂತ್ರ್ಯ ಎಂದ ಕೂಡಲೇ ನಾವು ಅಕ್ಕಮಹಾದೇವಿಯನ್ನು ನೆನೆಯುತ್ತೇವೆ. ಉಟ್ಟದ್ದನ್ನು ಬಿಸಾಡಿ, ಕೂದಲನ್ನೇ ಹೊದ್ದು ಅರಮನೆಯಿಂದ ಹೊರಟವಳು. ಅಕ್ಕನ ಧೈರ್ಯಕ್ಕೆ ಯಾರಾದರೂ ತಲೆ ಬಾಗಬೇಕು. ಆದರೆ ಆ ಬೆತ್ತಲೆ ಅವಳೇ ಆರಿಸಿಕೊಂಡ ಬೆತ್ತಲೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ವರದಾ ನದಿಯಲ್ಲಿ ಮುಳುಗೆದ್ದು ರೇಣುಕಾಂಬೆಯ ಗುಡ್ಡಕ್ಕೆ ಬೆತ್ತಲೆ ಓಡುತ್ತಿದ್ದವರಲ್ಲಿ ದಲಿತ, ಹಿಂದುಳಿದ ಜಾತಿಗಳ ಹೆಂಗಸರೇ ಹೆಚ್ಚು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಬಟ್ಟೆ ಉಡಿ ಅಂದವರಿಗೆ ಕೊಟ್ಟ ಶಿಕ್ಷೆಯೂ ಬೆತ್ತಲೆಯೇ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಅಕ್ಕನನ್ನೂ ಚಂದ್ರಗುತ್ತಿಯನ್ನೂ ಒಟ್ಟಿಗೆ ಇಟ್ಟು ಓದದೆ ಕನ್ನಡದಲ್ಲಿ ಬೆತ್ತಲೆಯ ಬಗ್ಗೆ ಮಾತಾಡುವುದು ನನಗಂತೂ ಆಗುವುದಿಲ್ಲ.

ಹಾಗಾದರೆ ಗುರುತು ಹೊತ್ತವರು ಅದನ್ನು ಕಳಚಿದ್ದು ಹೇಗೆ?

ತಿರುವಾಂಕೂರಿನ ಮೇಲುಡುಪಿನ ಹೋರಾಟ ಎಲ್ಲರಿಗೂ ಗೊತ್ತಿರುವುದೇ. ಶಾಣಾರ್, ಅಂದರೆ ಈಗಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಹತ್ತೊಂಬತ್ತನೆಯ ಶತಮಾನದ ಅರ್ಧದಷ್ಟು ಕಾಲ ಹೊಡೆದಾಡಿದರು. (ನಾಡಾರರು ದಲಿತರಲ್ಲ. ಆದರೆ ಮಾತು ಒಂದೇ.) ಇಲ್ಲಿ ಗಮನಿಸಬೇಕಾದ್ದು 1859ರ ಜುಲೈ 26ರ ರಾಜಶಾಸನ. ಮದ್ರಾಸಿನ ಗವರ್ನರನ ಒತ್ತಾಯಕ್ಕೆ ಮಣಿದ ಮಹಾರಾಜರು ಶಾಣಾರ್ ಹೆಂಗಸರು ಕುಪ್ಪಸ ತೊಡಬಹುದು, ಬೇರೆ ಯಾವ ರೀತಿಯಲ್ಲಾದರೂ ಮೈ ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿಯ ಹೆಂಗಸರ ಹಾಗೆ ಮಾತ್ರ ಉಡಕೂಡದು ಎಂದರು. ಆ ಕೊನೆಯ ಷರತ್ತಿನಲ್ಲಿ ಎಲ್ಲ ಬಯಲಾಯಿತು. ಮಾನ, ಲಜ್ಜೆ, ಸಂಪ್ರದಾಯ ಯಾವುದೂ ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ಮುಚ್ಚಿಕೊಂಡರೂ ಪರವಾಗಿಲ್ಲ, ನೋಡಿದ ಕೂಡಲೇ ಯಾರೆಂದು ತಿಳಿಯಬೇಕು. ಮನು ಹೇಳಿದ ರಾಜಾಜ್ಞೆಯ ಗುರುತು ಅಕ್ಷರಶಃ ಇದೇ.

ಅದೇ ತಿರುವಾಂಕೂರಿನಲ್ಲಿ ಪುಲಯ ಹೆಂಗಸರ ಕೊರಳಲ್ಲಿ ಕಲ್ಲುಮಣಿಗಳ ಸರ ನೇತಾಡುತ್ತಿತ್ತು. ಕಲ್ಲುಮಾಲೆ. ಬಂಗಾರ ಬೆಳ್ಳಿ ಅವರಿಗೆ ನಿಷಿದ್ಧ, ಈ ಸರ ಮಾತ್ರ ಕಡ್ಡಾಯ. ಅಯ್ಯನ್‌ಕಾಳಿ 1893ರಲ್ಲಿ ಬಿಳಿ ಬಟ್ಟೆ ಉಟ್ಟು ರುಮಾಲು ಸುತ್ತಿ, ಎತ್ತಿನ ಗಾಡಿಯಲ್ಲಿ ಕುಳಿತು ವೆಂಗಾನೂರಿನ ರಾಜಬೀದಿಯಲ್ಲಿ ಹೋದದ್ದು ಪ್ರಸಿದ್ಧ. ಅದಾಗಿ ಇಪ್ಪತ್ತೆರಡು ವರ್ಷಗಳ ನಂತರ, 1915ರ ಅಕ್ಟೋಬರಿನಲ್ಲಿ, ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ಕಲ್ಲುಮಾಲೆ ಬಿಡಬೇಕು ಎಂದು ಪುಲಯರು ಸೇರಿದ್ದ ಸಭೆಯ ಮೇಲೆ ಮೇಲ್ಜಾತಿಯವರು ಬಿದ್ದರು. ಗಲಭೆಯಾಯಿತು, ಗುಡಿಸಲುಗಳು ಸುಟ್ಟವು, ಜನ ಕಾಡುಪಾಲಾದರು. ಆದರೆ ಎರಡು ತಿಂಗಳಲ್ಲಿ ಕೊಲ್ಲಂ ಪಟ್ಟಣದ ಮೈದಾನದಲ್ಲೇ ದೊಡ್ಡ ಸಭೆ ನಡೆಯಿತು. ಅಯ್ಯನ್‌ಕಾಳಿ ಕರೆ ಕೊಟ್ಟಾಗ ಹೆಂಗಸರು ಕುಡುಗೋಲಿನಿಂದ ಸರಗಳನ್ನು ಕುಯ್ದು ಎಸೆದರು, ಕಲ್ಲುಮಣಿ ರಾಶಿ ಬಿತ್ತು ಎಂದು ಕೇರಳದಲ್ಲಿ ಹೇಳುತ್ತಾರೆ. ಚರಿತ್ರೆಯಲ್ಲಿ ಅದಕ್ಕೆ 'ಕಲ್ಲುಮಾಲೆ ಸಮರ' ಎಂದೇ ಹೆಸರು.

ಕೊರಳಿನ ಸರವನ್ನು ಮನೆಯಲ್ಲೇ ಬಿಚ್ಚಿಡಬಹುದಿತ್ತಲ್ಲ, ಮೈದಾನಕ್ಕೆ ಯಾಕೆ ಬರಬೇಕಿತ್ತು? ಒಬ್ಬಳೇ ಬಿಚ್ಚಿಟ್ಟು ಮಾರನೆ ದಿನ ಗದ್ದೆಗೆ ಹೋಗಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂಬುದು ಅಲ್ಲಿ ಸೇರಿದವರಿಗೆ ಗೊತ್ತಿತ್ತು. ನವ್ಯದ ನಾಯಕನಿಗೆ ವ್ಯಕ್ತಿಯಾಗಲು ಗುಂಪನ್ನು ಬಿಟ್ಟು ಹೋಗಬೇಕಾಯಿತು. ಈ ಹೆಂಗಸರು ತಮ್ಮ ಸ್ವಂತ ಕೊರಳನ್ನು ತಮ್ಮದು ಮಾಡಿಕೊಳ್ಳಲು ಸಾವಿರಾರು ಜನ ಒಟ್ಟಿಗೆ ಬರಬೇಕಾಯಿತು. ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಉತ್ತರ ಇದು.

ಇನ್ನು ಮಹಾಡ್. 1927ರ ಮಾರ್ಚಿನಲ್ಲಿ ಚವದಾರ್ ಕೆರೆಯ ನೀರು, ಡಿಸೆಂಬರ್ 25ರಂದು ಮನುಸ್ಮೃತಿಯ ದಹನ. ಇವೆರಡನ್ನೂ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಆ ಡಿಸೆಂಬರ್ ಸಮ್ಮೇಳನದಲ್ಲೇ ಬಾಬಾಸಾಹೇಬರು ಹೆಂಗಸರನ್ನು ಬೇರೆಯಾಗಿ ಸೇರಿಸಿ ಆಡಿದ ಮಾತು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ನೀವು ಸೀರೆ ಎತ್ತಿ ಉಡುವ ರೀತಿ, ಕೊರಳಿನ ತವರ ಬೆಳ್ಳಿಯ ದಪ್ಪ ಸರಗಳು, ಕೈತುಂಬ ಕಡಗಗಳು ಇವೇ ನಿಮ್ಮ ಅಸ್ಪೃಶ್ಯತೆಯ ಗುರುತು, ಅವನ್ನು ಬಿಡಿ ಅಂದರು. ಹೆಣ್ಣುಮಕ್ಕಳನ್ನೂ ಓದಿಸಿ ಅಂದರು. ಕುಡಿದು ಬಂದ ಗಂಡ ಮಕ್ಕಳಿಗೆ ಅನ್ನ ಇಕ್ಕಬೇಡಿ ಎಂದೂ ಹೇಳಿದರು. ಹೆಂಗಸರು ಮಾತಿಗೆ ಕಾಯಲಿಲ್ಲ. ಸಮ್ಮೇಳನ ಮುಗಿದು ಊರಿಗೆ ಹೊರಡುವಷ್ಟರಲ್ಲೇ ಸೀರೆ ಕಾಲಿನವರೆಗೆ ಇಳಿದಿತ್ತು. ಚಳವಳಿಯ ಜೊತೆಗಿದ್ದ ಸವರ್ಣ ಸುಧಾರಕರ ಮನೆಯ ಹೆಂಗಸರು ಉಡುವುದನ್ನು ತೋರಿಸಿಕೊಟ್ಟರಂತೆ.

ನಮ್ಮ ಸಮಾಜಶಾಸ್ತ್ರಕ್ಕೆ ಇಂಥ ಸೀರೆ ಸಿಕ್ಕರೆ ಅದು ತಕ್ಷಣ ಒಂದು ಹೆಸರು ಕೊಡುತ್ತದೆ: 'ಸಂಸ್ಕೃತೀಕರಣ'. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡಗಿನವರ ಬಗ್ಗೆ ಬರೆದ 1952ರ ಪುಸ್ತಕದಿಂದ ಹರಡಿದ ಮಾತು. ಕೆಳಜಾತಿಗಳು ಮೇಲ್ಜಾತಿಯ ಆಚಾರವನ್ನು ಅನುಕರಿಸಿ ಮೇಲೇರುತ್ತವೆ ಎಂಬುದು ಅದರ ಸಾರಾಂಶ. ಎಷ್ಟೋ ಜಾತಿಗಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ 25ನೇ ತಾರೀಖು ಶಾಸ್ತ್ರಕ್ಕೇ ಬೆಂಕಿ ಇಟ್ಟವರು ಅದೇ ಸಮ್ಮೇಳನದಲ್ಲಿ ಸೀರೆ ಇಳಿಸಿದರೆ ಅದನ್ನು ಬ್ರಾಹ್ಮಣ್ಯದ ಅನುಕರಣೆ ಎಂದು ಹೇಗೆ ಕರೆಯೋದು? ಆ ಹೆಂಗಸರಿಗೆ ಬೇಕಾಗಿದ್ದದ್ದು ಮೇಲ್ಜಾತಿಯವರ ಹಾಗೆ ಕಾಣುವುದಲ್ಲ, ದೂರದಿಂದಲೇ ಮಹಾರರು ಎಂದು ಕಾಣದಿರುವುದು. ಸಂತೆಯಲ್ಲಿ ನಡೆಯುವಾಗ ನೂರು ಜನರಲ್ಲಿ ಒಬ್ಬಳಾಗಿ, ಯಾರ ಕಣ್ಣೂ ನಿಲ್ಲದೆ ಹಾದುಹೋಗುವುದು. ಹುಟ್ಟಿನಿಂದಲೇ ಆ ಸೌಕರ್ಯ ಇರುವವರಿಗೆ ಅದೊಂದು ಸ್ವಾತಂತ್ರ್ಯ ಅಂತಲೇ ಅನ್ನಿಸುವುದಿಲ್ಲ.

ನಮ್ಮಜ್ಜಿ ಮೇಲುಕೇರಿ ದಾಟುವಾಗ ಚಪ್ಪಲಿ ಬಿಚ್ಚಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳಂತೆ. ನಮ್ಮವ್ವ ಮೆಟ್ಟಿಕೊಂಡೇ ಹೋದವಳು. ಅವಳಿಗೆ ಪೇಟೆಯಲ್ಲಿ ತನ್ನ ಕಾಲು ತಾನೇ ನೋಡಿಕೊಳ್ಳುತ್ತಾ ನಡೆಯುವ ಅಭ್ಯಾಸವಿದೆ. ಅದು ನಾಚಿಕೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಕೇಳಿದರೆ, "ಚಪ್ಪಲಿ ಚೆಂದಾಗದೆ ಕಣೆ, ಅದ್ಕೆ ನೋಡ್ಕತೀನಿ" ಅಂದಳು.

ಮೈಮೇಲಿನ ಗುರುತು ಹೋಯಿತು. ಆದರೆ ಅದು ಅಳಿಯಲಿಲ್ಲ, ಜಾಗ ಬದಲಿಸಿತು. ಪಟ್ಟಣದಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೀರೆ ಸಲ್ವಾರು ನೋಡಿದರೆ ಗೊತ್ತಾಗುವುದಿಲ್ಲವಾದ್ದರಿಂದ ಬಾಯಿಬಿಟ್ಟು ಕೇಳುತ್ತಾರೆ. "ನಿಮ್ಮ ಕಡೆ ಯಾವೂರು?" "ಮನೆದೇವರು ಯಾವುದು?" "ಮಾಂಸ ಗೀಂಸ ತಿಂತೀರಾ?" ಕೊನೆಗೂ ತಿಳಿಯದಿದ್ದರೆ "ಅಲ್ಲಮ್ಮ, ನೀವು ಏನ್ ಜನ?" ಅರ್ಜಿಯ ಕಾಲಮ್ಮು, ಮೆರಿಟ್ ಲಿಸ್ಟಿನಲ್ಲಿ ಹೆಸರಿನ ಮುಂದಿನ ಎರಡಕ್ಷರ, ಹಾಸ್ಟೆಲ್ಲಿನ ಹೆಸರು, ಇವೆಲ್ಲ ಹೊಸ ಕಲ್ಲುಮಣಿಗಳು. ಮೀಸಲಾತಿಗೆ ಅದು ಬೇಕು, ಬೇಡ ಅನ್ನುತ್ತಿಲ್ಲ. ಹಕ್ಕಿಗಾಗಿ ನಾವೇ ಹೇಳುವ ಜಾತಿಗೂ ಅವಮಾನಕ್ಕಾಗಿ ಅವರು ಹುಡುಕುವ ಜಾತಿಗೂ ವ್ಯತ್ಯಾಸವಿದೆ. 2016ರ ಜನವರಿಯಲ್ಲಿ ಹೈದರಾಬಾದಿನ ರೋಹಿತ್ ವೇಮುಲ ಬರೆದಿಟ್ಟು ಹೋದ ಪತ್ರದ ಸಂಕಟವೂ ಇದೇ ಅಲ್ಲವೇ? ಮನುಷ್ಯನನ್ನು ಕಣ್ಣಿಗೆ ಬೀಳುವ ಗುರುತಿಗೆ ಇಳಿಸಿಬಿಡುತ್ತಾರೆ, ಅವನೊಳಗಿನ ಮನಸ್ಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಸಂಕಟ. ನಕ್ಷತ್ರ, ವಿಜ್ಞಾನ, ಬರವಣಿಗೆ ಇಷ್ಟಪಟ್ಟಿದ್ದ ಹುಡುಗ.

ಇಲ್ಲಿಯವರೆಗೆ ಬರೆದದ್ದನ್ನು ನಮ್ಮ ಸಂಗಾತಿಗಳು ತಲೆದೂಗಿ ಒಪ್ಪುತ್ತಾರೆ. ಮುಂದಿನದು ಸ್ವಲ್ಪ ಇರುಸುಮುರುಸಿನ ಮಾತು.

ಮಹಾಡಿನಲ್ಲಿ ಸೀರೆ ಇಳಿಸಿ ಅಂದವರು ನಮ್ಮವರೇ. ಹೊರಗಿನವರ ಕಟ್ಟಳೆಯನ್ನು ಮುರಿಯುವಾಗ ಚಳವಳಿ ತನ್ನದೇ ಒಂದು ಅಪೇಕ್ಷೆಯನ್ನು ಹೆಂಗಸರ ಮುಂದಿಟ್ಟಿತು: ಜಾತಿಯ ಮಾನ ನಿಮ್ಮ ಉಡುಗೆ ನಡಿಗೆಯಲ್ಲಿದೆ. 1936ರ ಜೂನ್ 16ರಂದು ಮುಂಬಯಿಯ ಪರೇಲಿನ ದಾಮೋದರ್ ಹಾಲಿನಲ್ಲಿ ಬಾಬಾಸಾಹೇಬರು ಮುರಳಿ, ಜೋಗತಿಯರ ಸಭೆಯಲ್ಲಿ ಮಾತಾಡಿದರು. ಕಾಮಾಟಿಪುರದಲ್ಲಿ ಮೈ ಮಾರಿ ಬದುಕುತ್ತಿದ್ದವರೂ ಅಲ್ಲಿದ್ದರು. ನಮ್ಮ ಜೊತೆ ಬರುವುದಾದರೆ ಈ ಬದುಕನ್ನು ಬಿಡಲೇಬೇಕು, ಮದುವೆಯಾಗಿ ಸಂಸಾರ ಹೂಡಬೇಕು ಎಂದರು. ಹೊಟ್ಟೆಗೇನು ಮಾಡಬೇಕು ಅಂತ ನೀವು ಕೇಳುತ್ತೀರಿ, ಅದನ್ನು ನಾನು ಹೇಳುವುದಿಲ್ಲ, ದಾರಿ ನೂರಿವೆ ಎಂದೂ ಅಂದರು. ದೇವರ ಹೆಸರಿನಲ್ಲಿ ದಲಿತ ಹೆಣ್ಣುಮಕ್ಕಳನ್ನು ಊರಿಗೆ ಬಿಡುವ ಪದ್ಧತಿಯ ಮೇಲೆ ಅವರಿಗಿದ್ದ ಸಿಟ್ಟು ನ್ಯಾಯವಾದದ್ದು. ನಮ್ಮ ರಾಜ್ಯದಲ್ಲಿ ಅದಕ್ಕೆ 1982ರ ದೇವದಾಸಿ ನಿಷೇಧ ಕಾಯ್ದೆ ಬರಬೇಕಾಯಿತು. ಆದರೂ ಹೊಟ್ಟೆಯ ಪ್ರಶ್ನೆಯನ್ನು ಅವರೇ ಎತ್ತಿ ಅವರೇ ಪಕ್ಕಕ್ಕಿಟ್ಟದ್ದು ನನಗೆ ಚುಚ್ಚುತ್ತದೆ. ಆ ಸಭೆಯಿಂದ ಎದ್ದು ಕತ್ತಲೆಯಾಗುವ ಮುಂಚೆ ಬಾಡಿಗೆ ಕೋಣೆಗೆ ಹಿಂದಿರುಗಿದ ಹೆಂಗಸಿನ ದೃಷ್ಟಿಯಿಂದ ಯಾರೂ ಈ ಚರಿತ್ರೆ ಬರೆದಂತೆ ಕಾಣೆ.

ಬಾಬಾಸಾಹೇಬರು ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1942ರ ಜುಲೈ 20ರಂದು ನಾಗಪುರದಲ್ಲಿ ಸುಲೋಚನಾಬಾಯಿ ಡೋಂಗ್ರೆಯವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ದಲಿತ ಮಹಿಳಾ ಸಮ್ಮೇಳನ ನಡೆಯಿತು. ಸಾವಿರಾರು ಹೆಂಗಸರು ಸೇರಿದ್ದರು. ಹೆಣ್ಣಿಗೆ ವಿಚ್ಛೇದನದ ಹಕ್ಕು ಬೇಕು, ಗಂಡಸಿನ ಬಹುಪತ್ನಿತ್ವಕ್ಕೆ ತಡೆ ಬೇಕು ಎಂದು ನಿರ್ಣಯ ಮಾಡಿದ್ದು ಅಲ್ಲಿ. ಮಕ್ಕಳ ಮದುವೆಗೆ ಅವಸರ ಮಾಡಬೇಡಿ, ಹೆಂಡತಿ ಗಂಡನ ಎದುರು ಸರಿಸಮಳಾಗಿ, ಗೆಳತಿಯಾಗಿ ನಿಲ್ಲಬೇಕು, ಅವನ ಗುಲಾಮಳಾಗಲು ಒಪ್ಪಬಾರದು ಎಂದು ಬಾಬಾಸಾಹೇಬರು ಹೇಳಿದ್ದೂ ಅಲ್ಲೇ. 1936ರಲ್ಲಿ ಸಂಸಾರ ಹೂಡಿ ಎಂದವರು ಆರು ವರ್ಷಗಳಲ್ಲಿ ಆ ಸಂಸಾರದೊಳಗೇ ಗುಲಾಮಗಿರಿ ಇದೆ ಎನ್ನುತ್ತಿದ್ದಾರೆ. ನಾಯಕರು ಬೆಳೆಯುತ್ತಾರೆ. ಅವರ ಹೆಸರು ಹೇಳುವ ನಾವು ಎಷ್ಟು ಬೆಳೆದಿದ್ದೇವೆ ಅನ್ನೋದು ಬೇರೆ ಮಾತು. ಸಭೆಗೆ ಬಂದ ಹುಡುಗಿ ಯಾವ ಬಟ್ಟೆ ಹಾಕಿದ್ದಳು, ಯಾರ ಬೈಕಿನಲ್ಲಿ ಬಂದಳು ಎಂಬ ಚರ್ಚೆಯನ್ನು ಕ್ರಾಂತಿಗೀತೆ ಹಾಡಿ ಮುಗಿಸಿದ ಬಾಯಲ್ಲೇ ನಾನು ಕೇಳಿದ್ದೇನೆ.

ಮರಾಠಿಯ ಬೇಬಿತಾಯಿ ಕಾಂಬಳೆಯವರ (1929–2012) 'ಜಿಣ ಅಮುಚ' 1986ರಲ್ಲಿ ಪುಸ್ತಕವಾಗಿ ಬಂತು. ನಮ್ಮ ಬದುಕು ಅಂತ ಅದರರ್ಥ. ಮಹಾರ್ ಕೇರಿಯ ಹಸಿವು, ಹರಕು ಸೀರೆ, ದೇವರು ಮೈಮೇಲೆ ಬರುವ ಆಷಾಢ, ಸೊಸೆಯಂದಿರನ್ನು ಗೋಳು ಹೊಯ್ದುಕೊಳ್ಳುವ ಅತ್ತೆಯರು, ಬಾಬಾಸಾಹೇಬರ ಮಾತು ಕೇಳಿ ಕೇರಿ ಬದಲಾದದ್ದು ಎಲ್ಲವೂ ಅದರಲ್ಲಿದೆ. ಇಡೀ ಪುಸ್ತಕ ಹೆಚ್ಚಾಗಿ 'ನಾವು' ಎಂದೇ ಮಾತಾಡುತ್ತದೆ. ಬೇಬಿತಾಯಿಯವರ ಗಂಡ ಅದರಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಪುಸ್ತಕ ಇಂಗ್ಲಿಷಿಗೆ ಹೋಗುವ ಹೊತ್ತಿಗೆ, 2008ರ ಸುಮಾರಿಗೆ, ಅನುವಾದಕಿ ಮಾಯಾ ಪಂಡಿತ್ ಕೂತು ಕೇಳಿದಾಗ ಉಳಿದ ಸಂಗತಿ ಹೊರಬಂತು. ಗಂಡ ಅನುಮಾನದಿಂದ ಹೊಡೆಯುತ್ತಿದ್ದ. ಫಲ್ಟಣದಲ್ಲಿ ಅವರಿಗೊಂದು ಸಣ್ಣ ಅಂಗಡಿಯಿತ್ತು. ಸಾಮಾನು ಕಟ್ಟಲು ಬಂದ ಹಳೆಯ ಪತ್ರಿಕೆಯ ಹಾಳೆಗಳನ್ನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದುತ್ತಿದ್ದರು. ಓದುತ್ತಾ ಓದುತ್ತಾ ಬರೆಯತೊಡಗಿದರು. ಬರೆದದ್ದನ್ನು ಗಂಡನ ಕಣ್ಣಿಗೆ, ಮನೆಯವರ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟು, ಸುಮಾರು ಇಪ್ಪತ್ತು ವರ್ಷ ಯಾರಿಗೂ ತೋರಿಸಲಿಲ್ಲ.